ಸದ್ದು ಕಳೆಯುವುದು ಎಲ್ಲಿ?

ಮನೆಯಲ್ಲಿ ಹೊಸದಾಗಿ ಡಿಜೆ ಟರ್ನ್‌ಟೇಬಲ್ ಜೋಡಿಸಿಕೊಂಡವರ ಮೊದಲ ದೂರು ಸಾಮಾನ್ಯವಾಗಿ ಒಂದೇ: ಸೌಂಡು ಬರುತ್ತದೆ, ಸಾಲುವುದಿಲ್ಲ. ಅದೇ ಮಿಕ್ಸರ್‌ಗೆ ಫೋನ್ ಸಿಕ್ಕಿಸಿದರೆ ಕಿಟಕಿ ಗಾಜು ಅದುರುತ್ತದೆ. ರೆಕಾರ್ಡ್ ಹಾಕಿದರೆ ಹಾಡು ಪಕ್ಕದ ಕೋಣೆಯಿಂದ ಬಂದಂತೆ ಕೇಳುತ್ತದೆ. ಲಿಂಗರಾಜಪುರದಂಥ ಬಡಾವಣೆಯಲ್ಲಿ ಇದಕ್ಕೆ ಸಲಹೆಗಾರರಿಗೆ ಕೊರತೆಯಿಲ್ಲ. ಒಂದು ಕಡೆ ಕಾಕ್ಸ್ ಟೌನ್, ಇನ್ನೊಂದು ಕಡೆ ಕಮ್ಮನಹಳ್ಳಿ. ದಂಡುಪ್ರದೇಶದ ಈ ಭಾಗದಲ್ಲಿ ಚರ್ಚ್ ಕಾಯರ್, ಮದುವೆ ಬ್ಯಾಂಡು, ಸೌಂಡ್ ಸರ್ವಿಸ್ ಎಲ್ಲವೂ ಇವೆ. ಸಿಗುವ ಸಲಹೆ ಮಾತ್ರ ಬಹುಪಾಲು ಒಂದೇ: ಎಸ್.ಪಿ. ರೋಡಿಗೆ ಹೋಗಿ ದೊಡ್ಡ ಆಂಪ್ಲಿಫೈಯರ್ ತನ್ನಿ. ಈ ಸಲಹೆ ತಪ್ಪು ಎಂಬುದು ನನ್ನ ವಾದ. ರೆಕಾರ್ಡಿನ ಸದ್ದು ಕಡಿಮೆಯಾದಾಗ ಅದು ಕಳೆದುಹೋಗಿರುವುದು ಹೆಚ್ಚಾಗಿ ಮುಳ್ಳಿನ ಕಡೆಯಲ್ಲಿ, ಸ್ಪೀಕರಿನ ಕಡೆಯಲ್ಲಲ್ಲ. ಅಲ್ಲಿ ಕಳೆದದ್ದನ್ನು ಕೊನೆಯಲ್ಲಿ ಹಣ ಸುರಿದು ತರಲಾಗದು.

ಲೆಕ್ಕ ನೋಡಿ. ಇಂದು ಬಹಳ ಬಳಕೆಯಲ್ಲಿರುವ ಮೂವಿಂಗ್ ಮ್ಯಾಗ್ನೆಟ್ ಕಾರ್ಟ್ರಿಜ್‌ನಿಂದ ಹೊರಡುವುದು ನಾಲ್ಕೈದು ಮಿಲಿವೋಲ್ಟ್. ಡಿಜೆಗಳಿಗೆಂದೇ ಮಾಡಿದವು ಆರರಿಂದ ಹತ್ತರವರೆಗೂ ಕೊಡುತ್ತವೆ. ಮೂವಿಂಗ್ ಕಾಯಿಲ್ ಬಗೆಯದಾದರೆ ಅನೇಕ ಸಲ ಅರ್ಧ ಮಿಲಿವೋಲ್ಟೂ ಇರುವುದಿಲ್ಲ. ಮಿಕ್ಸರಿನ ಲೈನ್ ಕಿಂಡಿ ನಿರೀಕ್ಷಿಸುವುದೋ ಮುನ್ನೂರು ಮಿಲಿವೋಲ್ಟಿನ ಆಸುಪಾಸು. ಈ ಅಂತರವನ್ನು ತುಂಬುವುದು ಫೋನೊ ಹಂತ: ಸುಮಾರು 40 ಡೆಸಿಬೆಲ್, ಅಂದರೆ ವೋಲ್ಟೇಜು ನೂರು ಪಟ್ಟು. ಮಿಕ್ಸರಿನ ಹಿಂದಿರುವ ಫೋನೊ/ಲೈನ್ ಸ್ವಿಚ್ಚು ಲೈನ್ ಕಡೆಗೆ ವಾಲಿದ್ದರೆ ಈ ನೂರು ಪಟ್ಟು ಪೂರ್ತಿ ತಪ್ಪಿಹೋಗುತ್ತದೆ. ಆಗ ಇರುವ ಆಂಪ್ಲಿಫೈಯರೇ ತನ್ನ ಶಕ್ತಿಯ ಒಂದು ಚೂರನ್ನಷ್ಟೇ ಬಳಸುತ್ತಿರುತ್ತದೆ. ಅದರ ಬದಲು ಎರಡರಷ್ಟು ವ್ಯಾಟಿನದನ್ನು ತಂದು, ಅದನ್ನು ಪೂರ್ತಿ ದುಡಿಸಿದರೂ ಸಿಗುವುದು ಮೂರೇ ಡೆಸಿಬೆಲ್. ನಲವತ್ತನ್ನು ವ್ಯಾಟಿನಿಂದಲೇ ತುಂಬುವುದಾದರೆ ಹತ್ತು ಸಾವಿರ ಪಟ್ಟು ಬೇಕು.

ಫೋನೊ ಹಂತದ ಕೆಲಸ ಹಿಗ್ಗಿಸುವುದಷ್ಟೇ ಅಲ್ಲ. ರೆಕಾರ್ಡ್ ಕೊರೆಯುವಾಗ ಮಂದ್ರದ ಸದ್ದನ್ನು ಬೇಕೆಂದೇ ತಗ್ಗಿಸುತ್ತಾರೆ, ಇಲ್ಲದಿದ್ದರೆ ಗೆರೆ ಅಗಲವಾಗಿ ಓಲಾಡಿ ಜಾಗವನ್ನೆಲ್ಲ ತಿನ್ನುತ್ತದೆ. ತಾರದ ಸದ್ದನ್ನು ಎತ್ತುತ್ತಾರೆ, ಇಲ್ಲದಿದ್ದರೆ ಅದು ತಟ್ಟೆಯ ಸರಸರ ಸದ್ದಿನಲ್ಲಿ ಮುಳುಗುತ್ತದೆ. 1954ರಲ್ಲಿ ನೆಲೆಗೊಂಡ ಆರ್‌ಐಎಎ ಮಾನಕದಂತೆ ಎರಡು ತುದಿಗಳಲ್ಲೂ ಈ ಏರಿಳಿತ ಸುಮಾರು 20 ಡೆಸಿಬೆಲ್. ಅದನ್ನು ಸರಿಯಾಗಿ ತಿರುಗಿಸಿ ಹಾಕುವುದೂ ಫೋನೊ ಹಂತವೇ. ಆದ್ದರಿಂದ ರೋಗಲಕ್ಷಣ ಕಿವಿಗೇ ಸಿಗುತ್ತದೆ. ಸದ್ದು ಸಣ್ಣದೂ ಹೌದು, ತೆಳ್ಳಗೂ ಹೌದು, ತಬಲದ ಡಗ್ಗಾ ಕಾಣೆಯಾಗಿ ತಾಳದ ಚಿಣಿಚಿಣಿಯಷ್ಟೇ ಉಳಿದಿದೆ ಎಂದರೆ ಫೋನೊ ಹಂತ ತಪ್ಪಿದೆ. ಸದ್ದು ಸಣ್ಣದು, ಆದರೆ ಮೈತುಂಬಿಕೊಂಡಿದೆ ಎಂದರೆ ಚಾನೆಲ್ಲಿನ ಟ್ರಿಮ್ ಇಳಿದಿರಬೇಕು, ಇಲ್ಲವೇ ಕಾರ್ಟ್ರಿಜ್ ಮೂವಿಂಗ್ ಕಾಯಿಲ್ ಬಗೆಯದಿರಬೇಕು. ಒಂದೇ ಕಿವಿಗೆ ಕಡಿಮೆಯಾದರೆ ಹೆಡ್‌ಶೆಲ್ಲಿನ ನಾಲ್ಕು ಸಣ್ಣ ತಂತಿಗಳನ್ನೂ ಆರ್‌ಸಿಎ ಪಿನ್ನುಗಳನ್ನೂ ನೋಡಬೇಕು.

ಕಿವಿಯ ಸಾಕ್ಷ್ಯವನ್ನು ನಂಬಬಹುದೇ ಎಂದು ಯಾರಾದರೂ ಕೇಳಿದರೆ, ಅದು ನ್ಯಾಯವಾದ ಪ್ರಶ್ನೆ. ಸದ್ದು ತಗ್ಗಿದಂತೆ ನಮ್ಮ ಕಿವಿ ಮಂದ್ರವನ್ನು ಇನ್ನಷ್ಟು ಕಳೆದುಕೊಳ್ಳುತ್ತದೆ. ಫ್ಲೆಚರ್ ಮತ್ತು ಮನ್ಸನ್ 1933ರಲ್ಲೇ ಇದನ್ನು ಅಳೆದು ತೋರಿಸಿದರು. ಹಾಗಾಗಿ ಸಣ್ಣ ಸದ್ದೆಲ್ಲ ಒಂದಿಷ್ಟು ತೆಳ್ಳಗೇ ಕೇಳುತ್ತದೆ. ಇದಕ್ಕೆ ಪರಿಹಾರ ಹೋಲಿಕೆ. ‘ಬಂಗಾರದ ಮನುಷ್ಯ’ದ ಹಾಡನ್ನು ಫೋನಿನಿಂದ ರೆಕಾರ್ಡಿನಷ್ಟೇ ಸಣ್ಣ ಸದ್ದಿಗೆ ಇಳಿಸಿ ಕೇಳಿ. ಫೋನಿನಲ್ಲಿ ಪಿ.ಬಿ. ಶ್ರೀನಿವಾಸರ ದನಿಯ ಕೆಳಗಿನ ತುಂಬು ಉಳಿದು ರೆಕಾರ್ಡಿನಲ್ಲಿ ಇಲ್ಲವಾದರೆ ತಪ್ಪು ಕಿವಿಯದಲ್ಲ.

ಇನ್ನೊಂದು ಆಕ್ಷೇಪ ಹಿರಿಯರದು: ಹಳೆಯ ರೆಕಾರ್ಡ್ ಪ್ಲೇಯರ್ ಇಂಥ ಯಾವ ಹಂತವೂ ಇಲ್ಲದೆ ಮನೆತುಂಬ ಹಾಡುತ್ತಿತ್ತಲ್ಲ? ಹಾಡುತ್ತಿತ್ತು. ಆ ಕಾಲದ ಅಗ್ಗದ ಪ್ಲೇಯರ್‌ಗಳಲ್ಲಿ ಹೆಚ್ಚಾಗಿ ಇದ್ದದ್ದು ಕ್ರಿಸ್ಟಲ್ ಅಥವಾ ಸೆರಾಮಿಕ್ ಕಾರ್ಟ್ರಿಜ್. ಅದು ನೂರಾರು ಮಿಲಿವೋಲ್ಟ್ ಕೊಡುತ್ತಿತ್ತು, ಮಂದ್ರದ ಕೊರತೆಯನ್ನೂ ತನ್ನ ಗುಣದಿಂದಲೇ ಬಹುಮಟ್ಟಿಗೆ ತುಂಬಿಕೊಳ್ಳುತ್ತಿತ್ತು. ಇನ್ನೂ ಹಿಂದಕ್ಕೆ ಹೋದರೆ, 1902ರಲ್ಲಿ ಕಲ್ಕತ್ತೆಯಲ್ಲಿ ಧ್ವನಿಮುದ್ರಣ ಕೊಟ್ಟು, ಕೊನೆಗೆ ಮೈಸೂರಿಗೆ ಬಂದು 1930ರಲ್ಲಿ ಅಲ್ಲೇ ತೀರಿಕೊಂಡ ಗೌಹರ್ ಜಾನ್ ಅವರ ತಟ್ಟೆಗಳ ಕಾಲದಲ್ಲಿ ಆಂಪ್ಲಿಫೈಯರೇ ಇರಲಿಲ್ಲ. ಕೊಂಬಿನ ಗ್ರಾಮಫೋನಿಗೆ ಜೋರು ಸದ್ದಿನ ದಪ್ಪ ಮುಳ್ಳು, ಮೆಲು ಸದ್ದಿನ ತೆಳು ಮುಳ್ಳು ಎಂದು ಬೇರೆಬೇರೆ ಮಾರುತ್ತಿದ್ದರು. ಸದ್ದು ನಿರ್ಧಾರವಾಗುತ್ತಿದ್ದದ್ದು ಆಗಲೂ ಮುಳ್ಳಿನ ತುದಿಯಲ್ಲೇ. ಹಾಗೆಂದು ಈಗಿನ ಹೆಡ್‌ಶೆಲ್ ಮೇಲೆ ನಾಣ್ಯ ಅಂಟಿಸಿ ಭಾರ ಹೆಚ್ಚಿಸುವವರು ದಯವಿಟ್ಟು ನಿಲ್ಲಿಸಬೇಕು. ತಯಾರಕರು ಹೇಳಿದ್ದಕ್ಕಿಂತ ಹೆಚ್ಚು ಭಾರ ಸದ್ದನ್ನು ಏರಿಸುವುದಿಲ್ಲ, ಗೆರೆಯನ್ನು ಸವೆಸುತ್ತದೆ. ಆ ತಟ್ಟೆ ಮತ್ತೆ ಸಿಗುವಂಥದ್ದಲ್ಲ.

ನಷ್ಟ ಎಲ್ಲಿ ಎಂದು ಪತ್ತೆಹಚ್ಚಲು ಒಳ್ಳೆಯ ಸಾಧನ ಮಿಕ್ಸರಿನ ಮುಖದ ಮೇಲೆಯೇ ಇದೆ. ಚಾನೆಲ್ಲಿನ ದೀಪಗಳು ಒಂದೆರಡಷ್ಟೇ ಮಿನುಗಿದರೆ ತಪ್ಪು ಮಿಕ್ಸರಿಗಿಂತ ಮೊದಲು ಅಥವಾ ಅದರ ಬಾಗಿಲಲ್ಲಿ. ದೀಪಗಳು ಸೊನ್ನೆಯವರೆಗೆ ಏರುತ್ತಿದ್ದೂ ಕೋಣೆ ಮೆಲುಗುಟ್ಟುತ್ತಿದ್ದರೆ, ಆಗ ಮಾತ್ರ ಸ್ಪೀಕರಿನ ಕಡೆ ನಡೆಯಿರಿ. ಅಲ್ಲಿಯೂ ತಪ್ಪು ಸ್ಪೀಕರಿನದೇ ಆಗಬೇಕಿಲ್ಲ. ಸ್ಟೀರಿಯೊ ಕೇಬಲ್ಲನ್ನು ಪವರ್ಡ್ ಸ್ಪೀಕರಿನ ಬ್ಯಾಲೆನ್ಸ್‌ಡ್ ಕಿಂಡಿಗೆ ನೇರ ಚುಚ್ಚಿದರೆ ಎಡಬಲಗಳಲ್ಲಿ ಸಮವಾಗಿರುವುದು ಒಂದನ್ನೊಂದು ಅಳಿಸಿಹಾಕುತ್ತದೆ. ನಡುವೆ ನಿಂತ ಗಾಯಕರ ದನಿಯೇ ಮಾಯವಾಗಿ ವಾದ್ಯಗಳ ನೆರಳು ಉಳಿಯುತ್ತದೆ. ಟರ್ನ್‌ಟೇಬಲ್ಲಿನೊಳಗೇ ಪ್ರಿಆಂಪ್ ಇದ್ದು, ಅದೂ ಮಿಕ್ಸರಿನ ಫೋನೊ ಹಂತವೂ ಒಟ್ಟಿಗೆ ಕೆಲಸಕ್ಕಿಳಿದರೆ ಆಗುವುದು ತದ್ವಿರುದ್ಧ: ಸದ್ದು ಒಡೆದು ಚೀರುತ್ತದೆ. ಎಲ್ಲವೂ ಸರಿಯಿದ್ದೂ ಒಂದು ತಟ್ಟೆ ಮಾತ್ರ ಮೆಲ್ಲಗಿದ್ದರೆ ಅದು ದೋಷವಲ್ಲ. ಒಂದು ಬದಿಗೆ ಇಪ್ಪತ್ತೈದು ನಿಮಿಷ ಕಛೇರಿ ತುಂಬಿದ ಎಲ್‌ಪಿಯ ಗೆರೆಗಳನ್ನು ಒತ್ತೊತ್ತಾಗಿ, ಮೆಲ್ಲಗೆ ಕೊರೆದಿರುತ್ತಾರೆ. ಒಂದೇ ಹಾಡಿನ ಹನ್ನೆರಡಿಂಚಿನ ಡಿಜೆ ತಟ್ಟೆಗೆ ಜಾಗ ಧಾರಾಳ. ಅಂಥ ಕಡೆ ಟ್ರಿಮ್ ಏರಿಸುವುದು ಸರಿಯಾದ ಕ್ರಮವೇ.

ಗೋಡೆಗೆ ಗೋಡೆ ತಾಗಿದ ಮನೆಗಳಲ್ಲಿ ಸದ್ದು ಕಡಿಮೆಯಿದ್ದರೆ ಒಳ್ಳೆಯದೇ ಅಲ್ಲವೇ ಎಂಬ ಮಾತು ಉಳಿಯಿತು. ವಾಸದ ಪ್ರದೇಶಕ್ಕೆ 2000ದ ಶಬ್ದಮಾಲಿನ್ಯ ನಿಯಮಗಳು ಹಗಲಿಗೆ 55, ರಾತ್ರಿಗೆ 45 ಡೆಸಿಬೆಲ್ ಎಂದು ಮಿತಿ ಹಾಕಿವೆ. ಅದು ಇರಬೇಕಾದ ಮಿತಿಯೇ. ಆದರೆ ನೆರೆಯವರಿಗಾಗಿ ಕೊನೆಯ ತಿರುಪಿನಲ್ಲಿ ತಗ್ಗಿಸುವುದು ಬೇರೆ, ಮೊದಲ ಹಂತದಲ್ಲೇ ಕಳೆದುಕೊಳ್ಳುವುದು ಬೇರೆ. ಮೊದಲಲ್ಲಿ ಕಳೆದದ್ದನ್ನು ಕೊನೆಯಲ್ಲಿ ಎತ್ತಲು ಹೋದರೆ ಜೊತೆಗೆ ಹಿಸ್ಸು, ಅರ್ತಿಂಗ್ ತಂತಿಯ ಗುಂಯ್ ಎಲ್ಲವೂ ಏರುತ್ತವೆ. ಹಾಡು ಮಾತ್ರ ತೆಳ್ಳಗೇ ಉಳಿಯುತ್ತದೆ. ರಾತ್ರಿ ಹತ್ತರ ನಂತರ ಸ್ಪೀಕರ್ ಆರಿಸಿ ಹೆಡ್‌ಫೋನಿನಲ್ಲಿ ಎರಡು ತಟ್ಟೆಗಳ ಲಯ ಹೊಂದಿಸುತ್ತ ಕೂತವರಿಗೂ ಡಗ್ಗಾದ ಪೆಟ್ಟು ಬಿದ್ದ ಕ್ಷಣ ಸ್ಪಷ್ಟವಾಗಿ ಕೇಳಲೇಬೇಕು. ಅದನ್ನು ಕೇಳಿಸುವುದೂ ಅದೇ ನೂರು ಪಟ್ಟಿನ ಫೋನೊ ಹಂತ.