ಎಲ್1 ಒತ್ತು ಕಾಕಾ

ಸೋಮವಾರ, ಬ್ಯಾಡಗಿಯಲ್ಲಿ ಮೆಣಸಿನಕಾಯಿ ಪೇಟೆಯ ದಿನ. ಎಪಿಎಂಸಿ ಕಡೆಯ ಗಾಳಿಗೆ ಹೆದರಿ ಕಿಟಕಿ ಮುಚ್ಚಿದ್ದೀರಿ. ಕೈಯಲ್ಲಿ ಹಳೆಯ ಪ್ಲೇಸ್ಟೇಷನ್ 2ರ ಕಂಟ್ರೋಲರ್, ಪಕ್ಕದಲ್ಲಿ ಅಣ್ಣನ ಮಗ, ಟಿವಿಯಲ್ಲಿ ‘ಪ್ರಿನ್ಸ್ ಆಫ್ ಪರ್ಷಿಯಾ: ದಿ ಸ್ಯಾಂಡ್ಸ್ ಆಫ್ ಟೈಮ್’. ಎದುರಿಗೆ ಕುಸಿದ ಪಡಸಾಲೆ, ತಳ ಕಾಣದ ಕಂದಕ, ಅದರಾಚೆ ಒಂದು ಕಂಬ.

ಓಡುತ್ತೀರಿ. ಬಲ ತೋರುಬೆರಳು ಆರ್1 ಅದುಮಿದೊಡನೆ ರಾಜಕುಮಾರ ಗೋಡೆಗೆ ಕಾಲು ಕೊಟ್ಟು ಅಡ್ಡಡ್ಡ ಓಡತೊಡಗುತ್ತಾನೆ. ಈ ಓಟಕ್ಕೊಂದು ವಂಶಾವಳಿಯೇ ಇದೆ. 1989ರ ಮೊದಲ ಆಟಕ್ಕಾಗಿ ಜೋರ್ಡನ್ ಮೆಕ್ನರ್ ತನ್ನ ತಮ್ಮನನ್ನೇ ಓಡಿಸಿ, ಜಿಗಿಸಿ, ವಿಡಿಯೊ ಮಾಡಿ, ಅದನ್ನು ನೋಡಿಕೊಂಡು ಚಿತ್ರ ಬರೆದಿದ್ದ. ಗೋಡೆಯೋಟ ಮತ್ತು ಕಾಲದ ಆಟ ಸೇರಿದ್ದು 2003ರಲ್ಲಿ, ಯೂಬಿಸಾಫ್ಟ್‌ನ ಮಾಂಟ್ರಿಯಲ್ ತಂಡದ ಕೈಯಲ್ಲಿ.

ಈಗ ಎಕ್ಸ್ ಒತ್ತಿ ಜಿಗಿಯಬೇಕು. ಆಕ್ಷೀ! ಬ್ಯಾಡಗಿ ಕಾಯಿ ಹೆಸರಾದದ್ದು ಬಣ್ಣಕ್ಕೆ, ಖಾರಕ್ಕಲ್ಲ ಅನ್ನುತ್ತಾರೆ. ಮೂಗಿಗೆ ಅದನ್ನು ಯಾರೂ ತಿಳಿಸಿ ಹೇಳಿಲ್ಲ. ಬೆರಳು ತಪ್ಪಿತು, ಬೀಳುತ್ತಿದ್ದೀರಿ.

“ಕಾಕಾ, ಎಲ್1 ಒತ್ತು! ಲಗೂನ ಒತ್ತು!”

ಪರದೆ ಮಸುಕಾಗುತ್ತದೆ. ರಾಜಕುಮಾರ ಕಂದಕದಿಂದ ಮೇಲೆದ್ದು ಬಂದು ಗೋಡೆಯ ಮೇಲೆ ಹಿಂದುಹಿಂದಕ್ಕೆ ಓಡುತ್ತಾನೆ. ಬೆರಳು ತೆಗೆದಲ್ಲಿಂದ ಕಾಲ ಮತ್ತೆ ಮುಂದಕ್ಕೆ. ಈ ಸಲ ಕಂಬ ಸಿಕ್ಕಿತು. ಆದರೆ ಕಾಲವನ್ನು ಹಿಂದಕ್ಕೆ ತಿರುಗಿಸುವ ರಾಜಕುಮಾರನ ಕಠಾರಿಯೊಳಗಿನ ಮರಳಿನಲ್ಲಿ ಒಂದು ಪಾಲು ಹೋಯಿತು. ಅದನ್ನು ತುಂಬಿಕೊಳ್ಳಲು ಮರಳುಭೂತಗಳನ್ನು ಕೆಡವಿ ಅದೇ ಕಠಾರಿಯಿಂದ ಹೀರಬೇಕು. ಮರಳು ಬರಿದಾದಾಗ ಸತ್ತರೆ, ಕಥೆ ಹೇಳುತ್ತಿರುವ ರಾಜಕುಮಾರನೇ ತಡೆದು, ನಡೆದದ್ದು ಹಾಗಲ್ಲ ಎಂದು ತಿದ್ದಿಕೊಳ್ಳುತ್ತಾನೆ. ಸಾವನ್ನು ಹೇಳುವವನ ಬಾಯ್ತಪ್ಪು ಮಾಡಿದ ಈ ಜಾಣತನಕ್ಕೆ ನಾನಂತೂ ಸೋತಿದ್ದೇನೆ.

ಮುಂದೆ ಕೋಟೆ ಕಾವಲಿನ ಯಂತ್ರ. ತಿರುಗಣೆಗಳನ್ನು ಒಂದೊಂದಾಗಿ ಹೊಂದಿಸಬೇಕು. ಅಣ್ಣನ ಮಗ ಟಿವಿಗೆ ಮೂಗು ತಾಗಿಸಿ “ಆ ಕಡೆ, ಇನ್ನೊಂಚೂರು” ಅನ್ನುತ್ತಾನೆ. ಕೂಡಿತು! ಮರುಗಳಿಗೆ ಅರಮನೆ ತುಂಬ ಗರಗಸ, ಮುಳ್ಳುಗಂಬ ಎದ್ದು ಕೂರುತ್ತವೆ. ನೀವೇ ಹೂಡಿದ ಯಂತ್ರ ಈಗ ನಿಮ್ಮನ್ನೇ ಕೊಚ್ಚಲು ಕಾದಿದೆ. ಗಾಯವಾದರೆ ಔಷಧವಿಲ್ಲ, ಕಾರಂಜಿಯ ನೀರು ಕುಡಿದರೆ ಸಾಕು, ಜೀವ ಬರುತ್ತದೆ. ಕೆಮ್ಮುತ್ತಲೇ ನೀವೂ ತಂಬಿಗೆ ಎತ್ತುತ್ತೀರಿ.

ಜೊತೆಗಾತಿ ಫರಾ ನಿಮಗೆ ದಾಟಲಾಗದ ಗೋಡೆಯ ಬಿರುಕಿನಲ್ಲಿ ನುಸುಳಿ ಬಾಗಿಲು ತೆಗೆಯುತ್ತಾಳೆ. ಕಾಳಗದಲ್ಲಿ ಅವಳ ಬಾಣ ಒಮ್ಮೊಮ್ಮೆ ನಿಮಗೇ ನಾಟುತ್ತದೆ. ಸಿಟ್ಟಾಗಬೇಡಿ. ಅವಳು ಹಿಂದೂಸ್ಥಾನದ ಮಹಾರಾಜನ ಮಗಳು, ನೀವು ಅವಳಪ್ಪನ ಅರಮನೆಯಿಂದ ಈ ಕಠಾರಿಯನ್ನು ದೋಚಿ ತಂದವರು.

ಹೊಸದಾಗಿ ಆಡುವವರಿಗೆ ಒಂದು ಮಾತು. ಎಲ್1 ಅನ್ನು ನಂಬಿ ಕೂರಬೇಡಿ, ಜಿಗಿತವನ್ನೇ ಕಲಿಯಿರಿ. ಕೊನೆಯ ಗೋಪುರ ಏರುವ ಹೊತ್ತಿಗೆ ಕಠಾರಿ ಫರಾಳ ಕೈ ಸೇರಿರುತ್ತದೆ. ಅಲ್ಲಿ ಬಿದ್ದರೆ ಬಿದ್ದಂತೆಯೇ.