ಹಳೆಯ ಕಣ್ಣಿಗೊಂದು ಹಗುರ ಒಡಲು

ಸ್ಮರಣಸಂಚಿಕೆಗೆ ಲೇಖನವೊಂದನ್ನು ಬರೆದುಕೊಡಬೇಕೆಂದು ಸಂಪಾದಕ ಮಂಡಲಿಯ ಮಿತ್ರರು ಕೇಳಿದಾಗ, ಅವರು ನನ್ನಿಂದ ವ್ಯಾಕರಣವನ್ನೋ ಛಂದಸ್ಸನ್ನೋ ಕುರಿತ ಬರೆಹವನ್ನು ನಿರೀಕ್ಷಿಸಿದ್ದರೆಂಬುದರಲ್ಲಿ ಸಂದೇಹವಿಲ್ಲ. ಸಂಧಿ ಸಮಾಸಗಳನ್ನು ಬೋಧಿಸುತ್ತಲೇ ತಲೆ ನರೆತ ಪಂಡಿತನಿಗೆ ಬೇರೆ ವಿಷಯವಾದರೂ ಎಲ್ಲಿಯದು? ಈ ಸಲ ಕ್ಯಾಮೆರಾವನ್ನು ಕುರಿತು ಬರೆಯುತ್ತೇನೆಂದಾಗ ಅವರು ನಕ್ಕುಬಿಟ್ಟರು. ನಗಲಿ. ಈ ಕಥೆಯಲ್ಲಿಯೂ ಸಂಧಿಪ್ರಕರಣವೊಂದು ಅಡಗಿರುವುದನ್ನು ವಾಚಕರು ಮುಂದೆ ಕಾಣುವರು.

ವಿದ್ವತ್ ಪರೀಕ್ಷೆಗೆ ಓದುತ್ತಿದ್ದ ಕಾಲದಿಂದಲೂ ನನಗೆ ಶಾಸನಗಳಲ್ಲಿ ಆಸಕ್ತಿ. ನಮ್ಮ ಸುತ್ತಿನ ಸೀಮೆಯಾದರೋ ಶಾಸನಗಳ ತವರು. ಶಿಕಾರಿಪುರ ತಾಲ್ಲೂಕಿನ ಶಾಸನಗಳನ್ನು ಒಳಗೊಂಡ ಎಪಿಗ್ರಾಫಿಯಾ ಕರ್ನಾಟಿಕದ ಏಳನೆಯ ಸಂಪುಟವನ್ನು ಬಿ. ಎಲ್. ರೈಸ್ ಅವರು 1902ರಲ್ಲಿಯೇ ಹೊರತಂದರು. ಆದರೂ ಅವರ ಕಣ್ಣಿಗೆ ಬೀಳದ ಕಲ್ಲುಗಳು ಹೊಲದ ಬದುಗಳಲ್ಲಿ, ಕೆರೆಯ ಏರಿಗಳ ಮೇಲೆ ಇಂದಿಗೂ ತಲೆಯೆತ್ತುತ್ತಿರುತ್ತವೆ. ಒದ್ದೆ ಕಾಗದವನ್ನು ಕಲ್ಲಿಗೆ ಒತ್ತಿ, ಮಸಿ ತಟ್ಟಿ ಅಚ್ಚು ತೆಗೆಯುವುದು ಶಾಸನತಜ್ಞರ ಕೆಲಸ. ನನ್ನಂತಹ ಹವ್ಯಾಸಿಗೆ ಛಾಯಾಚಿತ್ರವೇ ಗತಿ. ನಡುಹಗಲಿನ ಬಿಸಿಲಿನಲ್ಲಿ ಸವೆದ ಕಲ್ಲು ಬರಿಯ ಹಲಗೆಯಂತೆ ಕಾಣುತ್ತದೆ. ಬೆಳಗಿನ ಇಲ್ಲವೆ ಸಂಜೆಯ ಓರೆಬೆಳಕು ಬಿದ್ದಾಗ ಅಕ್ಷರದ ತಗ್ಗುಗಳಲ್ಲಿ ನೆರಳು ನಿಂತು, ಸತ್ತ ಅಕ್ಷರ ಎದ್ದು ಕೂರುತ್ತದೆ. ಆ ಬೆಳಕು ಅರ್ಧ ಗಂಟೆಗಿಂತ ಹೆಚ್ಚು ನಿಲ್ಲುವುದಿಲ್ಲ.

ನನ್ನ ಬಳಿಯಿರುವ ಮೂರು ಲೆನ್ಸುಗಳು ನಾನು ಕೊಂಡವಲ್ಲ. ನಮ್ಮ ಶಾಲೆಯಿಂದ ನಿವೃತ್ತರಾದ ಚಿತ್ರಕಲಾ ಮೇಷ್ಟ್ರು ಅವನ್ನು ನನ್ನ ಕೈಯಲ್ಲಿಟ್ಟು, “ಪಂಡಿತರೇ, ನನ್ನ ಕಣ್ಣು ಮಂಜಾಯಿತು. ಇವು ಇನ್ನೂ ಮಂಜಾಗಿಲ್ಲ. ಇಟ್ಟುಕೊಳ್ಳಿರಿ” ಎಂದಿದ್ದರು. ಮೂರೂ ನಿಕಾನ್ ಸಂಸ್ಥೆಯವು, ಲೋಹದ ಮೈಯವು, ಕೈಯಿಂದಲೇ ತಿರುಗಿಸಿ ನಾಭಿಗೊಳಿಸಬೇಕಾದವು. 28 ಮಿ.ಮೀ.ನದು ದೇವಾಲಯದ ಇಕ್ಕಟ್ಟಾದ ನವರಂಗಕ್ಕೆ, 105 ಮಿ.ಮೀ.ನದು ಎತ್ತರದ ಶಿಲ್ಪಕ್ಕೆ, 55 ಮಿ.ಮೀ.ನ ಮೈಕ್ರೋ ಅಕ್ಷರಕ್ಕೆ. ಈ ಮೂರನೆಯದು ವಸ್ತುವಿನ ನಿಜವಾದ ಅಳತೆಯ ಅರ್ಧದಷ್ಟು ಬಿಂಬವನ್ನು ಬೇರಾವ ಸಲಕರಣೆಯ ನೆರವಿಲ್ಲದೆ ಮೂಡಿಸಬಲ್ಲದು. ತಾಳೆಗರಿಯ ಮೇಲಿನ ಕಂಠದ ಗೀರನ್ನೂ ಅದು ಬಿಡುವುದಿಲ್ಲ.

ಇವುಗಳಿಗಾಗಿ ಮದುವೆಗಳ ಛಾಯಾಗ್ರಾಹಕರೊಬ್ಬರಿಂದ ಹಳೆಯ ಡಿ700 ಕ್ಯಾಮೆರಾವನ್ನು ಕೊಂಡೆ. ಅದು 2008ರಲ್ಲಿ ಬಂದದ್ದು. ಹಳೆಯ ಲೆನ್ಸುಗಳನ್ನು ಆದರದಿಂದ ಬರಮಾಡಿಕೊಳ್ಳುವ ಸಜ್ಜನ ಯಂತ್ರ. ಆದರೆ ಬ್ಯಾಟರಿಯನ್ನು ಬಿಟ್ಟು ಅದರ ತೂಕ 995 ಗ್ರಾಂ. ಮೂರು ಲೆನ್ಸುಗಳೂ ಸೇರಿ ಸುಮಾರು ಒಂದು ಕಿಲೋ. ಮೇಲೆ ಮುಕ್ಕಾಲಿ, ನೀರಿನ ಬಾಟಲಿ, ಕೊಡೆ. ನಲವತ್ತರ ಪ್ರಾಯದಲ್ಲಿ ಭಾರವೆನಿಸದಿದ್ದ ಚೀಲ ಐವತ್ತು ದಾಟಿದ ಮೇಲೆ ಹೆಗಲನ್ನು ಹಿಡಿಯತೊಡಗಿತು. “ಇಂದು ಬೇಡ, ಶಾಸನ ನೋಡಲೆಂದೇ ಹೋಗುವ ದಿನ ಒಯ್ದರಾಯಿತು” ಎಂಬ ಅಭ್ಯಾಸ ಹಾಗೆ ಬೆಳೆಯಿತು.

ಆ ಅಭ್ಯಾಸದ ಫಲ 2019ರಲ್ಲಿ ದೊರೆಯಿತು. ಹಳೆಯ ವಿದ್ಯಾರ್ಥಿಯೊಬ್ಬನ ಗೃಹಪ್ರವೇಶಕ್ಕೆಂದು ಒಂದು ಹಳ್ಳಿಗೆ ಹೋಗಿದ್ದೆ. ಊಟ ಮುಗಿಸಿ ಸಂಜೆಯ ಬಸ್ಸಿಗೆಂದು ಕೆರೆಯ ಏರಿಯ ಮೇಲೆ ಬರುತ್ತಿರುವಾಗ ಮೂರು ಪಟ್ಟಿಕೆಗಳ ವೀರಗಲ್ಲೊಂದು ಕಣ್ಣಿಗೆ ಬಿತ್ತು. ಪಟ್ಟಿಕೆಗಳ ನಡುವಣ ಅಡ್ಡಗೆರೆಗಳಲ್ಲಿ ಒಟ್ಟು ಐದು ಸಾಲು ಬರೆಹ. ಪಡುವಣ ಬಿಸಿಲು ಓರೆಯಾಗಿ ಬಿದ್ದು ಒಂದೊಂದು ಅಕ್ಷರವೂ ಮಿನುಗುತ್ತಿತ್ತು. ಕ್ಯಾಮೆರಾ ಮನೆಯಲ್ಲಿತ್ತು! ಕಿಸೆಯಲ್ಲಿದ್ದ ಸಾಧಾರಣ ಮೊಬೈಲಿನಿಂದ ಎರಡು ಚಿತ್ರ ತೆಗೆದೆ. ಲಗ್ನಪತ್ರಿಕೆಯೊಂದರ ಬೆನ್ನಿನ ಮೇಲೆ ಮೊದಲ ಒಂದೂವರೆ ಸಾಲನ್ನು ನಕಲು ಮಾಡಿಕೊಳ್ಳುವಷ್ಟರಲ್ಲಿ ಬಸ್ಸು ಬಂದಿತು. ಮನೆಗೆ ಬಂದು ನೋಡಿದರೆ ಮೊಬೈಲಿನ ಚಿತ್ರಗಳಲ್ಲಿ ಅಕ್ಷರಗಳ ಅಂಚುಗಳೆಲ್ಲ ಕಲಸಿಹೋಗಿದ್ದವು. ಕಲ್ಲಿನ ಒರಟನ್ನು ದೋಷವೆಂದು ಬಗೆದ ಆ ಯಂತ್ರ ಎಲ್ಲವನ್ನೂ ನುಣುಪುಗೊಳಿಸಿತ್ತು.

ಎರಡು ತಿಂಗಳ ತರುವಾಯ ದೊಡ್ಡ ಕ್ಯಾಮೆರಾವನ್ನೇ ಹೊತ್ತು ಮತ್ತೆ ಹೋದೆ. ಊರವರು ಜಾತ್ರೆಯ ಸಂಭ್ರಮದಲ್ಲಿ ಆ ಕಲ್ಲಿಗೆ ಕಟ್ಟೆ ಕಟ್ಟಿ, ಭಕ್ತಿಯಿಂದ ಬುಡದಿಂದ ತುದಿಯವರೆಗೆ ಎಣ್ಣೆಬಣ್ಣ ಬಳಿದಿದ್ದರು. ವೀರನಿಗೆ ಕೆಂಪು, ಕುದುರೆಗೆ ಬಿಳಿ, ಅಕ್ಷರದ ಪಟ್ಟಿಗೆ ದಟ್ಟವಾದ ಹಳದಿ. ಅವರದೇನು ತಪ್ಪು? ಅವರು ತಮ್ಮ ಹಿರಿಯನಿಗೆ ಹೊಸ ಬಟ್ಟೆ ತೊಡಿಸಿದ್ದರು. ಓದಬಲ್ಲವನಾಗಿದ್ದು ಬರಿಗೈಯಲ್ಲಿ ಹೋದವನು ನಾನು. ನಾನು ನಕಲು ಮಾಡಿದ್ದ ಭಾಗ ಶಕವರ್ಷದ ಸಂಖ್ಯೆ ಆರಂಭವಾಗುವೆಡೆಯಲ್ಲಿಯೇ ನಿಂತಿತ್ತು. ಮಡಿದ ವೀರನ ಹೆಸರು ಬಣ್ಣದ ಕೆಳಗೆ ಉಳಿಯಿತು.

ಈ ಸಂಗತಿಯನ್ನು ಮೇಷ್ಟ್ರಲ್ಲಿ ಹೇಳಿಕೊಂಡೆ. ಅವರು ಬೈಯಲಿಲ್ಲ. ಫಿಲ್ಮ್ ಕಾಲದ ತಮ್ಮ ಎಫ್‌ಎಂ2 ಕ್ಯಾಮೆರಾವನ್ನು ಪೆಟ್ಟಿಗೆಯಿಂದ ತೆಗೆದು ನನ್ನ ಅಂಗೈಯ ಮೇಲಿಟ್ಟರು. 1982ರಲ್ಲಿ ಬಂದ ಆ ಯಂತ್ರ ಕೇವಲ 540 ಗ್ರಾಂ! “ಇದನ್ನು ಸಂತೆಗೂ ಒಯ್ಯುತ್ತಿದ್ದೆ. ಲೆನ್ಸುಗಳನ್ನು ಬಿಡಬೇಡಿರಿ, ಎರಡನೆಯದೊಂದು ಹಗುರ ಒಡಲನ್ನು ಹುಡುಕಿರಿ. ಭಾರದ್ದು ಶಾಲೆಯಲ್ಲಿರಲಿ, ಹಗುರದ್ದು ಹೆಗಲಲ್ಲಿರಲಿ” ಎಂದರು. ಅಂಗಡಿಯವರು ಬಾಡಿ ಎನ್ನುವುದನ್ನು ಮೇಷ್ಟ್ರು ಯಾವಾಗಲೂ ಒಡಲು ಎಂದೇ ಕರೆಯುವರು. ಲೆನ್ಸು ಅವರಿಗೆ ಕಣ್ಣು.

ಅಂಗಡಿಯಲ್ಲಿ ವಿಚಾರಿಸಿದಾಗ, “ಈ ಹಳೆಯ ಲೆನ್ಸು ಎಲ್ಲದರ ಮೇಲೂ ಕೂರುತ್ತದೆ ಸ್ವಾಮಿ” ಎಂಬ ಉತ್ತರ ಬಂದಿತು. ಮಾತು ಸುಳ್ಳಲ್ಲ. ನಿಕಾನ್ ಎಫ್ ಕ್ಯಾಮೆರಾದೊಡನೆ 1959ರಲ್ಲಿ ಬಂದ, ಮೌಂಟ್ ಎಂದು ಕರೆಯುವ ಆ ಲೆನ್ಸಿನ ಬಾಯಿಯ ಆಕಾರ ಮುಂದಿನ ಎಸ್‌ಎಲ್‌ಆರ್ ಕ್ಯಾಮೆರಾಗಳಲ್ಲಿಯೂ ಉಳಿದುಬಂದಿತು. ಆದರೆ ಕೂರುವುದು ಬೇರೆ, ಕೂಡುವುದು ಬೇರೆ. ಹಳೆಯ ವಿದ್ಯಾರ್ಥಿಯೊಬ್ಬ ತನ್ನ ಡಿ5600 ಕ್ಯಾಮೆರಾವನ್ನು ಒಂದು ವಾರದ ಮಟ್ಟಿಗೆ ನನಗೆ ಕೊಟ್ಟುಹೋದ. ಅದರ ಒಡಲಿನ ತೂಕ 415 ಗ್ರಾಂ, ಹಕ್ಕಿಯನ್ನು ಹಿಡಿದಂತಿತ್ತು. 55 ಮಿ.ಮೀ. ಲೆನ್ಸು ಅದರ ಮೇಲೆ ಸೊಗಸಾಗಿ ಕುಳಿತಿತು. ಆದರೆ ಒಳಗಿನ ಬೆಳಕಿನ ಮಾಪಕ ಮೌನ ವಹಿಸಿತು. ಚಿತ್ರ ತೆಗೆಯುವುದು, ತೆರೆಯಲ್ಲಿ ನೋಡುವುದು, ತಿದ್ದಿ ಮತ್ತೆ ತೆಗೆಯುವುದು, ಹೀಗೆಯೇ ನಡೆಯಬೇಕು. ಓಡುತ್ತಿರುವ ಓರೆಬೆಳಕು ಅಷ್ಟು ಹೊತ್ತು ಕಾಯುವುದೇ?

ಇದರ ಕಾರಣ ಸರಳವಾಗಿದೆ. ಅಪರ್ಚರ್ ಎನ್ನುವ ಬೆಳಕಿಂಡಿಯನ್ನು ಎಷ್ಟಕ್ಕೆ ಇಟ್ಟಿದ್ದೇವೆಂಬುದನ್ನು ಲೆನ್ಸು ಒಡಲಿಗೆ ತಿಳಿಸಬೇಕು. 1977ರಿಂದ ನಿಕಾನ್ ಲೆನ್ಸುಗಳಲ್ಲಿ ಬಂದ ಎಐ ಎಂಬ ಏರ್ಪಾಡಿನಲ್ಲಿ, ಲೆನ್ಸಿನ ಉಂಗುರದ ಏಣು ಒಡಲಿನ ಅಂಚಿನಲ್ಲಿರುವ ಸಣ್ಣ ನಾಲಗೆಯನ್ನು ತಳ್ಳಿ ಈ ಸಂಗತಿಯನ್ನು ತಿಳಿಸುತ್ತದೆ. ಡಿ5600ರಲ್ಲಿ ಆ ನಾಲಗೆಯಿಲ್ಲ. ವ್ಯಾಕರಣದ ಮಾತಿನಲ್ಲಿ ಹೇಳುವುದಾದರೆ ಇದು ಪ್ರಕೃತಿಭಾವ: ಎರಡು ಸ್ವರಗಳು ಎದುರುಬದುರಾಗಿ ನಿಂತರೂ ಸಂಧಿಯಾಗದೆ ಇದ್ದಂತೆಯೇ ಇರುವ ಸ್ಥಿತಿ.

ಆ ನಾಲಗೆಯಿರುವ ಒಡಲುಗಳಲ್ಲಿ ನನ್ನ ಮನಸ್ಸಿಗೆ ಹಿಡಿಸಿದ್ದು 2015ರ ಡಿ7200. ತೂಕ 675 ಗ್ರಾಂ. ಲೆನ್ಸಿನ ವಿವರವನ್ನು ಒಮ್ಮೆ ತುಂಬಿಸಿಟ್ಟರೆ ಬೆಳಕನ್ನು ತಾನೇ ಅಳೆಯುತ್ತದೆ. ಇದು ನಿಜವಾದ ಸಂಧಿ. ಅದರ ತರುವಾಯ 2017ರಲ್ಲಿ ಬಂದ ಡಿ7500 ಇನ್ನೂ 35 ಗ್ರಾಂ ಹಗುರ. ಆದರೆ ಅದರಲ್ಲಿ ನಾಲಗೆ ಲೋಪವಾಗಿದೆ. ಹೊಸದೆಂಬ ಕಾರಣಕ್ಕೆ ಕಣ್ಣು ಮುಚ್ಚಿ ಕೊಳ್ಳುವವರು ಇದನ್ನು ಗಮನಿಸಬೇಕು. ಮನೆಯಲ್ಲಿ ಹಿರಿಯರ ಕಾಲದ ಲೆನ್ಸುಗಳನ್ನು ಇಟ್ಟುಕೊಂಡಿರುವವರಿಗೆ ಮತ್ತೊಂದು ಎಚ್ಚರಿಕೆ: 1977ಕ್ಕೆ ಮುಂಚಿನ, ಬದಲಾವಣೆ ಮಾಡಿಸದ ಲೆನ್ಸುಗಳನ್ನು ಡಿ7200ರಂತಹ ಒಡಲಿಗೆ ಬಲವಂತವಾಗಿ ತಿರುಗಿಸಿದರೆ ಆ ನಾಲಗೆಯೇ ಮುರಿಯಬಹುದು. 2013ರ ಡಿಎಫ್‌ನಲ್ಲಿ ಮಾತ್ರ ಅದನ್ನು ಮೇಲಕ್ಕೆ ಮಡಚಿಡಲು ಬರುತ್ತದೆ. ಅದು 710 ಗ್ರಾಂ ತೂಗುವ ಚೆಲುವಾದ ಯಂತ್ರ. ಬೆಲೆ ಮಾತ್ರ ಮೇಷ್ಟ್ರುಗಿರಿಗೆ ಹೊಂದುವಂಥದಲ್ಲ.

ಮೂರನೆಯ ದಾರಿ ಕನ್ನಡಿಯಿಲ್ಲದ ಕ್ಯಾಮೆರಾಗಳದು. 2018ರಲ್ಲಿ ಬಂದ ಝಡ್ ಮಾದರಿಯ ಒಡಲುಗಳಲ್ಲಿ ಲೆನ್ಸು ಕೂರುವ ಬಾಯಿಗೂ ಬಿಂಬ ಬೀಳುವ ಪಟಲಕ್ಕೂ ನಡುವೆ 16 ಮಿ.ಮೀ. ಅಂತರ, ಹಳೆಯ ಎಫ್ ಮಾದರಿಯಲ್ಲಿ 46.5 ಮಿ.ಮೀ. ನಡುವಣ 30.5 ಮಿ.ಮೀ. ಜಾಗವನ್ನು ಅಡಾಪ್ಟರ್ ಎಂಬ ಬಳೆಯೊಂದು ತುಂಬಿಕೊಡುತ್ತದೆ. ಮನೆ ಎಂಬುದಕ್ಕೆ ಅಲ್ಲಿ ಎಂಬುದು ಸೇರಿ ಮನೆಯಲ್ಲಿ ಎಂದಾಗುವಾಗ ನಡುವೆ ಯಕಾರ ಬಂದು ನಿಲ್ಲುವುದಿಲ್ಲವೇ? ಇದು ಆಗಮಸಂಧಿ. ಇಲ್ಲಿಯೂ ಆ ನಾಲಗೆಯಿಲ್ಲ. ಆದರೆ ನಾವು ಲೆನ್ಸಿನ ಉಂಗುರವನ್ನು ತಿರುಗಿಸಿದಷ್ಟಕ್ಕೆ ಬೆಳಕಿಂಡಿ ಒಡನೆಯೇ ಕಿರಿದಾಗುವುದರಿಂದ, ಒಳಗೆ ಬಂದ ಬೆಳಕನ್ನೇ ಮಾಪಕ ಅಳೆದುಕೊಳ್ಳುತ್ತದೆ.

2020ರ ಝಡ್5 ಒಡಲು 590 ಗ್ರಾಂ, ಎರಡನೆಯ ಆವೃತ್ತಿಯ ಅಡಾಪ್ಟರ್ 125 ಗ್ರಾಂ, ಒಟ್ಟು 715. ಡಿ7200ಕ್ಕಿಂತ 40 ಗ್ರಾಂ ಹೆಚ್ಚೇ. ಹಾಗಿದ್ದೂ ನಾನು 2022ರಲ್ಲಿ ಇದನ್ನೇ, ಬಳಸಿದ್ದನ್ನು ಹುಡುಕಿ ಕೊಂಡೆ. ಕಾರಣಗಳು ಎರಡು. ಡಿ7200ರ ಬಿಂಬಪಟಲ ಚಿಕ್ಕದಾದುದರಿಂದ ಅದರ ಮೇಲೆ 28 ಮಿ.ಮೀ. ಲೆನ್ಸು 42 ಮಿ.ಮೀ.ನಷ್ಟೇ ನೋಟವನ್ನು ಕೊಡುತ್ತದೆ. ನವರಂಗದಲ್ಲಿ ಹಿಂದೆ ಸರಿಯಲು ಗೋಡೆ ಬಿಡುವುದಿಲ್ಲ. ಎರಡನೆಯ ಕಾರಣ ನನ್ನ ಕಣ್ಣು. ಕೈಯಿಂದ ನಾಭಿಗೊಳಿಸುವ ಲೆನ್ಸಿಗೆ ತೀಕ್ಷ್ಣವಾದ ದೃಷ್ಟಿ ಬೇಕು. ಚಾಳೀಸು ಬಂದ ಕಣ್ಣಿಗೆ ಕಿಂಡಿಯಲ್ಲಿ ಎಲ್ಲವೂ ಸರಿಯೆಂದೇ ಕಾಣುತ್ತದೆ. ಮನೆಗೆ ಬಂದ ಮೇಲೆ ಅಲ್ಲವೆಂದು ತಿಳಿಯುತ್ತದೆ. ಝಡ್5ರ ಕಿಂಡಿಯಲ್ಲಿ ಗುಂಡಿಯೊಂದನ್ನು ಒತ್ತಿದರೆ ಒಂದೇ ಅಕ್ಷರ ಕಿಂಡಿಯ ತುಂಬ ಹಿಗ್ಗಿ ನಿಲ್ಲುತ್ತದೆ. ಬೆಳಕಿಂಡಿಯನ್ನು ಪೂರ್ತಿ ತೆರೆದು ನಾಭಿಗೊಳಿಸಿ, ಆಮೇಲೆ ಉಂಗುರವನ್ನು 8ಕ್ಕೆ ತಿರುಗಿಸಿ ಚಿತ್ರ ತೆಗೆಯುತ್ತೇನೆ. ಕೈಯ ನಡುಕವನ್ನು ಸರಿದೂಗಿಸುವ ಏರ್ಪಾಡೂ ಒಡಲಿನಲ್ಲಿಯೇ ಇರುವುದರಿಂದ ಎಷ್ಟೋ ವೇಳೆ ಮುಕ್ಕಾಲಿಯ ಹಂಗಿಲ್ಲ.

ಕುಂದುಗಳನ್ನೂ ಹೇಳಬೇಕು. ಬೆಳಕಿಂಡಿಯ ಅಳತೆ ಚಿತ್ರದ ವಿವರದಲ್ಲಿ ದಾಖಲಾಗುವುದಿಲ್ಲ, ಕೈಪುಸ್ತಕದಲ್ಲಿ ಬರೆದುಕೊಳ್ಳಬೇಕು. ಕಿಂಡಿಯೂ ವಿದ್ಯುತ್ತಿನಿಂದಲೇ ಬೆಳಗುವುದರಿಂದ ಬ್ಯಾಟರಿ ಬೇಗ ತೀರುತ್ತದೆ, ಇನ್ನೊಂದು ಜೊತೆಗಿರಬೇಕು. ಕಣ್ಣು ಚುರುಕಾಗಿರುವ ತರುಣ ಅಧ್ಯಾಪಕರಿಗೆ ಡಿ7200ರನ್ನೇ ನಾನು ಸೂಚಿಸುತ್ತೇನೆ. ಆದರೆ ಯಾರೇ ಆಗಲಿ, ತಮ್ಮ ಲೆನ್ಸನ್ನು ಜೊತೆಗೊಯ್ದು, ಕೂರಿಸಿ, ಕೂಡುವುದೇ ಎಂದು ನೋಡಿಯೇ ಹಣ ತೆರಬೇಕು.

ಈಗ ನಾನು ಊರು ಬಿಟ್ಟು ಎಲ್ಲಿಗೆ ಹೊರಟರೂ, ಮದುವೆಗಾಗಲಿ ಮರಣಕ್ಕಾಗಲಿ, ಝಡ್5 ಮತ್ತು 55 ಮಿ.ಮೀ. ಲೆನ್ಸು ಚೀಲದಲ್ಲಿರುತ್ತವೆ. ಅಡಾಪ್ಟರೂ ಸೇರಿ ಅವೆರಡರ ತೂಕ ಸುಮಾರು ಒಂದು ಕಿಲೋ. ಲೆನ್ಸಿಲ್ಲದ ಡಿ700ರ ಬರಿಯ ಒಡಲಿನಷ್ಟು. ಡಿ700 ಶಾಲೆಯ ಗ್ರಂಥಾಲಯದಲ್ಲಿ ಮುಕ್ಕಾಲಿಯ ಮೇಲೆ ನಿಂತು ತಾಳೆಗರಿಗಳ ಚಿತ್ರ ತೆಗೆಯುತ್ತಿದೆ.

2023ರ ಚಳಿಗಾಲದಲ್ಲಿ ಒಂಬತ್ತನೆಯ ತರಗತಿಯ ಇಬ್ಬರು ಮಕ್ಕಳೊಡನೆ ಆ ಕೆರೆಯ ಏರಿಗೆ ಮತ್ತೆ ಹೋದೆ. ಬಣ್ಣವನ್ನು ಕೆರೆಯುವುದಿಲ್ಲವೆಂದು ಊರ ಹಿರಿಯರಿಗೆ ಮಾತು ಕೊಟ್ಟು, ಕತ್ತಲಾದ ಮೇಲೆ ಮಕ್ಕಳು ಎಡದಿಂದ, ಬಲದಿಂದ, ಕೆಳಗಿನಿಂದ ಟಾರ್ಚಿನ ಓರೆಬೆಳಕು ಹಿಡಿದಂತೆ ಒಂದೊಂದಾಗಿ ಚಿತ್ರ ತೆಗೆದೆ. ಬಣ್ಣ ತೆಳುವಾಗಿದ್ದೆಡೆ ಅಕ್ಷರದ ತಗ್ಗು ತೋರಿತು. ದಪ್ಪವಾಗಿದ್ದೆಡೆ ಏನೂ ಇಲ್ಲ. ಶಕವರ್ಷದ ಅಂಕೆಗಳು ತುಂಬಿಹೋಗಿವೆ. ವೀರನ ಹೆಸರಿನ ಕೊನೆಯ ಎರಡಕ್ಷರಗಳು ಮಾತ್ರ ಸಿಕ್ಕಿವೆ.

ಆ ಚಿತ್ರವನ್ನು ದೊಡ್ಡದಾಗಿ ಅಚ್ಚು ಹಾಕಿಸಿ ಮೇಷ್ಟ್ರ ಮನೆಗೆ ಒಯ್ದೆ. ಅವರು ಅದನ್ನು ಮೂಗಿನ ಹತ್ತಿರ ಹಿಡಿದು ಬಹಳ ಹೊತ್ತು ನೋಡಿದರು. ಅಕ್ಷರ ಅವರಿಗೆ ಕಂಡಿತೋ ಇಲ್ಲವೋ ನಾನರಿಯೆ. “ಐವತ್ತೈದು ಅಲ್ಲವೇ ಪಂಡಿತರೇ?” ಎಂದರು. ಹೌದೆಂದೆ. ಚಿತ್ರವನ್ನು ತಿರುಗಿ ಕೊಡದೆ ತಮ್ಮ ದಿಂಬಿನ ಪಕ್ಕದಲ್ಲಿಟ್ಟುಕೊಂಡರು.

ನಮ್ಮ ಹಳೆಯ ವಿದ್ಯಾರ್ಥಿಗಳು ನಾಡಿನ ನೂರಾರು ಊರುಗಳಲ್ಲಿದ್ದಾರೆ. ತಮ್ಮೂರಿನ ಕಲ್ಲಿಗೆ ಬಣ್ಣ ಬಳಿಯುವ ದಿನ ಹತ್ತಿರ ಬಂದಿದ್ದರೆ ದಯಮಾಡಿ ಒಂದು ವಾರ ಮುಂಚಿತವಾಗಿ ಶಾಲೆಯ ವಿಳಾಸಕ್ಕೆ ಒಂದು ಕಾಗದ ಬರೆಯಿರಿ. ಚೀಲ ಸಿದ್ಧವಾಗಿದೆ, ಈಗ ಅದು ಭಾರವಿಲ್ಲ.