ಸೆವೆನ್ ಪಾಯಿಂಟ್ ಒನ್

ಶೇಡ್ ಕಾರ್ಡ್ ನಿಮ್ಮ ತೊಡೆಯ ಮೇಲಿದೆ. ಸಾಲು ಸಾಲಾಗಿ ಅಂಟಿಸಿದ ಪುಟ್ಟ ಕುಚ್ಚುಗಳು, ಒಂದೊಂದರ ಕೆಳಗೂ ಒಂದು ನಂಬರು. ನಿಮ್ಮ ಬೆರಳು 7.1ರ ಮೇಲೆ ಹೋಗಿ ನಿಂತಿದೆ. ಬೂದು ಛಾಯೆಯ ತಿಳಿಗಂದು. ಸೀರೆಗೂ ಒಪ್ಪೀತು, ಆಫೀಸಿಗೂ ನಡೆದೀತು.

"ಸೂಪರ್ ಚಾಯ್ಸ್ ಮೇಡಮ್. ಸೆವೆನ್ ಪಾಯಿಂಟ್ ಒನ್ ಈಗ ಎಲ್ರೂ ಮಾಡಿಸ್ತಿದಾರೆ," ಅನ್ನುತ್ತಾನೆ ಕಪ್ಪು ಏಪ್ರನ್ನಿನ ಹುಡುಗ. ಆ ಕುಚ್ಚು ಯಾರ ತಲೆಯದ್ದೂ ಅಲ್ಲ, ಬಿಳಿ ನೈಲಾನ್ ಎಳೆಗೆ ಏರಿಸಿದ ಬಣ್ಣ ಅನ್ನುವುದನ್ನು ಅವನು ಹೇಳುವುದಿಲ್ಲ. ಚುಕ್ಕಿಗೆ ಮೊದಲಿನ ಏಳು, ಬಣ್ಣ ಎಷ್ಟು ತಿಳಿ ಎಂಬ ಲೆಕ್ಕ. 1 ಅಂದರೆ ಕಡುಗಪ್ಪು, 10 ಅಂದರೆ ತೀರಾ ತಿಳಿ. ಚುಕ್ಕಿಯ ಆಚೆಗಿನ ಒಂದು, ಬೂದು ಛಾಯೆಯ ಗುರುತು. ನಿಮ್ಮದು ಎರಡರ ಆಸುಪಾಸಿನ ಕೂದಲು. ಎರಡರಿಂದ ಏಳಕ್ಕೆ ಹತ್ತಬೇಕು, ಒಂದೇ ಮಧ್ಯಾಹ್ನದಲ್ಲಿ.

ಜಯನಗರದ ಸಲೂನು, ಶನಿವಾರ. ಎಲ್ಲ ಕುರ್ಚಿಯೂ ಭರ್ತಿ. ಮುಂದಿನ ಭಾನುವಾರ ನಿಮ್ಮ ನಾದಿನಿಯ ಮಗನ ನಿಶ್ಚಿತಾರ್ಥ.

"ಮೊದ್ಲು ಏನಾದ್ರೂ ಹಾಕಿದ್ರಾ ಮೇಡಮ್?"

"ಇಲ್ಲಪ್ಪ. ಯಾವಾಗ್ಲೋ ಒಂದೆರಡು ಸಲ ಮೆಹೆಂದಿ, ಅಷ್ಟೇ."

ಅವನು ಮತ್ತೆ ಕೇಳುವುದಿಲ್ಲ. 48 ಗಂಟೆ ಮುಂಚೆ ಕಿವಿಯ ಹಿಂದೆ ಒಂದಿಷ್ಟು ಹಚ್ಚಿ ಚರ್ಮಕ್ಕೆ ಆಗುತ್ತದೋ ಇಲ್ಲವೋ ನೋಡಬೇಕು ಎಂದು ಬರೆದ ಚೀಟಿ ಟ್ಯೂಬಿನ ಡಬ್ಬಿಯೊಳಗೇ ಇತ್ತು. ಡಬ್ಬಿಯ ಜೊತೆ ಅದೂ ಕಸದ ಬುಟ್ಟಿಗೆ ಹೋಯಿತು.

ಕಪ್ಪು ಬಟ್ಟಲಿಗೆ ಟ್ಯೂಬ್ ಹಿಂಡಿ, ಬಿಳಿ ಬಾಟಲಿಯಿಂದ ಡೆವಲಪರ್ ಸುರಿಯುತ್ತಾನೆ. ಬಾಟಲಿಯ ಮೇಲೆ 30 ವಾಲ್ಯೂಮ್ ಎಂದಿದೆ, ಅಂದರೆ ಶೇಕಡಾ 9ರ ಹೈಡ್ರೋಜನ್ ಪೆರಾಕ್ಸೈಡ್. ಬ್ರಷ್ಷಿನಿಂದ ಕಲಸಿದ ಕೂಡಲೇ ಅಮೋನಿಯಾದ ಘಾಟು ಮೂಗಿಗೆ ಹತ್ತಿ ಕಣ್ಣಲ್ಲಿ ನೀರು ಬರುತ್ತದೆ. ಅಮೋನಿಯಾ ಕೂದಲಿನ ಹೊರಪದರವನ್ನು ಉಬ್ಬಿಸಿ ತೆರೆಯುತ್ತದೆ. ಪೆರಾಕ್ಸೈಡ್ ಒಳಹೊಕ್ಕು ಕಪ್ಪು ಬಣ್ಣ ಕೊಡುವ ಮೆಲನಿನ್ನನ್ನು ಒಡೆಯುತ್ತದೆ, ಹೊಸ ಬಣ್ಣವನ್ನು ಅಲ್ಲೇ ಅರಳಿಸುತ್ತದೆ. ಆದರೆ ನಮ್ಮ ಕರಿಗೂದಲ ಹೊಟ್ಟೆಯಲ್ಲಿ ಕೆಂಪು ಕೂತಿದೆ. ತಿಳಿ ಮಾಡುತ್ತ ಹೋದರೆ ಮೊದಲು ಕೆಂಪು ಬರುತ್ತದೆ, ಆಮೇಲೆ ಕಿತ್ತಳೆ, ಅದನ್ನು ದಾಟಿದರೆ ಹಳದಿ. ಕಾರ್ಡಿನಲ್ಲಿರುವ ಬೂದು ಸಿಗಬೇಕಾದರೆ ಕೆಂಪು ದಾಟಿ ಕಿತ್ತಳೆಯ ಕೊನೆಯ ತನಕವಾದರೂ ಹೋಗಬೇಕು.

ಬ್ರಷ್ಷು ಬೈತಲೆಯಿಂದ ಶುರುವಾಗುತ್ತದೆ. ಎಡವಟ್ಟು ಇಲ್ಲೇ ಆರಂಭ. ತಲೆಯ ಮೈಬಿಸಿಗೆ ಬುಡದ ಒಂದಿಂಚು ಕೂದಲು ಬೇಗ ತಿಳಿಯಾಗುತ್ತದೆ. ಪಳಗಿದ ಕೈಯವರು ಬುಡ ಬಿಟ್ಟು ಮಧ್ಯಕ್ಕೆ, ತುದಿಗೆ ಹಚ್ಚಿ, ಕೊನೆಗೆ ಬುಡಕ್ಕೆ ಬರುತ್ತಾರೆ. ಈ ಹುಡುಗನ ಕೈಗೆ ದಿನಾ ಬಿಳಿಗೂದಲಿನ ಬುಡದ ಟಚ್‌ಅಪ್ ಮಾಡಿ ಮಾಡಿ ಬುಡದಿಂದ ಶುರುಮಾಡುವುದೇ ರೂಢಿಯಾಗಿದೆ. ಬಿಸಿ ಗಾಳಿಯ ಯಂತ್ರದಡಿ ಕೂರಿಸಿ, ಗ್ರೀನ್ ಟೀ ಕೊಟ್ಟು ಹೋಗುತ್ತಾನೆ. ನೀವು ಫೋನಿನಲ್ಲಿ ಬ್ಲೌಸಿನ ಡಿಸೈನು ನೋಡುತ್ತೀರಿ.

ಬೇಸಿನ್ನಿನ ತಗ್ಗಿಗೆ ಕತ್ತು ಒರಗಿಸಿ ಮಲಗಿದ್ದೀರಿ. ನೀರು ಬೆಚ್ಚಗಿದೆ. ಇಷ್ಟು ಹೊತ್ತು ಬಿಗ್ ಬಾಸ್ ಬಗ್ಗೆ ಮಾತಾಡುತ್ತಿದ್ದ ಹುಡುಗ ಇದ್ದಕ್ಕಿದ್ದಂತೆ ಬಾಯಿ ಮುಚ್ಚಿದ್ದಾನೆ. ಪಕ್ಕದವನನ್ನು ಕರೆದು ಹಿಂದಿಯಲ್ಲಿ ಏನೋ ಪಿಸುಗುಟ್ಟುತ್ತಾನೆ. ಅಲ್ಲೇ ನಿಮಗೆ ಅನುಮಾನ.

ಕನ್ನಡಿಯ ಮುಂದೆ ಟವೆಲ್ ಬಿಚ್ಚುತ್ತಾರೆ. ಬೈತಲೆಯ ಎರಡೂ ಪಕ್ಕ ಎರಡಿಂಚಿನಷ್ಟು ಹೊಳೆಯುವ ಕಿತ್ತಳೆ. ಕಿವಿಯ ಮೇಲಿದ್ದ ಬಿಳಿಗೂದಲಂತೂ ಹಿತ್ತಾಳೆ ತಂತಿಯ ಬಣ್ಣಕ್ಕೆ ತಿರುಗಿವೆ. ಅದರ ಕೆಳಗೆ, ಭುಜ ದಾಟುವ ತನಕ, ಇದ್ದ ಕಪ್ಪೇ ಕಪ್ಪು. ತುದಿಯಲ್ಲಿ ಮಾತ್ರ ಮಬ್ಬು ಕೆಂಪು.

"ಲೈಟಿಂಗಿಗೆ ಹಾಗೆ ಕಾಣತ್ತೆ ಮೇಡಮ್. ಎರಡು ವಾಶ್ ಆದ್ಮೇಲೆ ಸೆಟ್ ಆಗ್ಬಿಡತ್ತೆ."

ಆಗುವುದಿಲ್ಲ. ತೊಳೆದಷ್ಟೂ ಮೇಲಿನ ಬೂದು ಜಾರಿಹೋಗಿ ಅಡಿಯ ಕಿತ್ತಳೆ ಇನ್ನೂ ಎದ್ದು ಕಾಣುತ್ತದೆ. ಸಲೂನಿನ ದೀಪಗಳ ಮೇಲೆ ತಪ್ಪು ಹೊರಿಸುವುದು ಈ ಕಸುಬಿನ ಹಳೆಯ ಅಭ್ಯಾಸ, ನಂಬಬೇಡಿ. ಟವೆಲ್ ಹೊದ್ದುಕೊಂಡೇ ಎದ್ದು ಬಾಗಿಲ ಬಳಿ ಹೋಗಿ. ಬಿಸಿಲಿಗೆ ತಲೆಯೊಡ್ಡಿ ಒಂದು ಫೋಟೋ, ಹಿಂದಿನಿಂದ ಇನ್ನೊಂದು.

ಒಳಗೆ ಬಂದಾಗ ಹುಡುಗನ ಬಟ್ಟಲಿನಲ್ಲಿ ನೀಲಿ ಪುಡಿ. ಬ್ಲೀಚು. "ಕಪ್ಪು ಇರೋ ಕಡೆ ಸ್ವಲ್ಪ ಲಿಫ್ಟ್ ಮಾಡಿದ್ರೆ ಮ್ಯಾಚ್ ಆಗತ್ತೆ." ನೀವು ಬೇಡ ಅನ್ನುವಷ್ಟರಲ್ಲಿ ಹಿಂತಲೆಯ ಒಂದು ಪದರಕ್ಕೆ ಹಚ್ಚಿ ಫಾಯಿಲ್ ಮಡಚಿಬಿಟ್ಟಿದ್ದಾನೆ. ಹೊಸ ಪದರಕ್ಕೆ ಬಾಚಣಿಗೆ ಹಾಕುವಾಗ ಕತ್ತಿನ ಬುಡದಲ್ಲಿ ಉರಿ ಶುರುವಾಗುತ್ತದೆ.

"ಸ್ವಲ್ಪ ಉರಿಯತ್ತೆ ಮೇಡಮ್, ನಾರ್ಮಲ್."

ಚುರುಚುರು ಬೇರೆ, ಉರಿ ಬೇರೆ. ಇದು ಉರಿ. "ತೊಳೀರಿ. ಈಗ್ಲೇ!" ನಿಮ್ಮ ದನಿ ನೀವಂದುಕೊಂಡದ್ದಕ್ಕಿಂತ ಜೋರಾಗಿ ಬರುತ್ತದೆ. ಮೂರು ಕುರ್ಚಿಯವರು ತಿರುಗಿ ನೋಡುತ್ತಾರೆ. ನೋಡಲಿ. ಬರೀ ತಣ್ಣೀರು, ಸುಮಾರು ಹೊತ್ತು. ಬ್ಲೀಚು ಚರ್ಮ ಸುಟ್ಟರೆ ಬೊಬ್ಬೆ ಏಳುತ್ತದೆ, ಅಲ್ಲಿ ಮತ್ತೆ ಕೂದಲು ಬರದೇ ಹೋದದ್ದೂ ಉಂಟು. ಸಂಕೋಚ ಪಡುವ ಜಾಗ ಇದಲ್ಲ.

ಗಲಾಟೆ ಕೇಳಿ ಮ್ಯಾನೇಜರ್ ಬರುತ್ತಾರೆ. ಮುಖದಲ್ಲಿ ನಗು. "ಟೆನ್ಶನ್ ಬೇಡ ಮೇಡಮ್. ಇವತ್ತೇ ಪೂರ್ತಿ ಬ್ಲೀಚ್ ಹೊಡೆದು ಫ್ರೆಶ್ ಆಗಿ ಕಲರ್ ಮಾಡ್ಕೊಡ್ತೀವಿ. ಕಂಪ್ಲೀಟ್ ಫ್ರೀ." ಕೆಟ್ಟ ಕೂದಲಿಗಿಂತ ಭಯಂಕರವಾದದ್ದು ಈ ಮಾತು. ಸಿಟ್ಟಾದ ಗಿರಾಕಿ ಬಾಗಿಲು ದಾಟುವುದರೊಳಗೆ ಎಲ್ಲ ಸರಿಹೋಗಬೇಕು ಅನ್ನುವ ಆತುರ ಅವರದು, ಹೀಗೇ ಮನೆಗೆ ಹೋಗುವುದು ಹೇಗೆ ಅನ್ನುವ ಆತುರ ನಿಮ್ಮದು. ಎರಡೂ ಸೇರಿದ ಹೊತ್ತಿನಲ್ಲೇ ಕೂದಲು ತುಂಡಾಗುವುದು.

ನಿಮ್ಮ ಅದೃಷ್ಟಕ್ಕೆ ಬ್ರಾಂಚಿನ ಸೀನಿಯರ್ ಅಷ್ಟರಲ್ಲಿ ಊಟ ಮುಗಿಸಿ ಬಂದಿದ್ದಾರೆ. ಐವತ್ತರ ಹೆಂಗಸು, ಉಗುರಿನ ಅಂಚಿನಲ್ಲಿ ಹೋಗದ ಬಣ್ಣದ ಕಲೆ. ಯಾರೊಂದಿಗೂ ಮಾತಿಲ್ಲ. ಬುಡದಿಂದ ಒಂದು ಒದ್ದೆ ಕೂದಲನ್ನು ಬೆರಳುಗಳ ನಡುವೆ ಹಿಡಿದು ಮೆಲ್ಲಗೆ ಎಳೆಯುತ್ತಾರೆ. ಹಿಗ್ಗುತ್ತದೆ, ಬಿಟ್ಟರೆ ಹಿಂದಕ್ಕೆ ಬರುತ್ತದೆ. ಬ್ಲೀಚ್ ಬಿದ್ದ ಪದರದಿಂದ ಇನ್ನೊಂದನ್ನು ಎಳೆಯುತ್ತಾರೆ. ಅದು ನೆನೆದ ಶಾವಿಗೆಯ ಹಾಗೆ ಹಿಗ್ಗುತ್ತಲೇ ಹೋಗಿ ಪಟ್ಟನೆ ಕಡಿಯುತ್ತದೆ. ಆ ತುಂಡನ್ನು ಮ್ಯಾನೇಜರ್ ಕಣ್ಣಿನ ಮುಂದೆ ಹಿಡಿಯುತ್ತಾರೆ.

"ಇವತ್ತು ಬ್ಲೀಚ್ ಇಲ್ಲ."

ಆಮೇಲೆ ಸ್ಟೂಲ್ ಎಳೆದುಕೊಂಡು ನಿಮ್ಮ ಪಕ್ಕ ಕೂರುತ್ತಾರೆ. "ಅಕ್ಕ, ಬೇಜಾರು ಮಾಡ್ಕೋಬೇಡಿ. ಮನೇಲಿ ಏನೇನು ಹಚ್ತಿದ್ರಿ?"

ಮೆಹೆಂದಿ ಅಂದಿರಿ. ಯಾವುದು? ಪ್ಯಾಕೆಟ್ಟಿಂದು. ಕೆಂಪಾಗೋದಾ, ಕಪ್ಪಾಗೋದಾ? ಕಪ್ಪಾಗೋದು. ಅವರು ತಲೆಯಾಡಿಸುತ್ತಾರೆ. ಗೋರಂಟಿ ಎಲೆಯಲ್ಲಿ ಕಪ್ಪು ಇಲ್ಲ. ಅದು ಕೊಡುವುದು ಕೆಂಪು ಮಿಶ್ರಿತ ಕಿತ್ತಳೆಯನ್ನು ಮಾತ್ರ. ಬ್ಲ್ಯಾಕ್ ಹೆನ್ನಾ ಪೊಟ್ಟಣದ ಕಪ್ಪು ಸಾಮಾನ್ಯವಾಗಿ ಪಿಪಿಡಿ ಎಂಬ ರಾಸಾಯನಿಕದ್ದು, ಡೈಯಲ್ಲಿರುವುದೂ ಅದೇ. ಮಗಳ ಕಾಲೇಜು ಡೇ ಹಿಂದಿನ ರಾತ್ರಿ ಅಂಗಡಿಯಿಂದ ತಂದು ಹಚ್ಚಿದ್ದ ಸ್ಯಾಷೆಯೂ ಈಗ ನೆನಪಾಗುತ್ತದೆ. ಕೂದಲು ತಿಂಗಳಿಗೆ ಹೆಚ್ಚುಕಡಿಮೆ ಒಂದು ಸೆಂಟಿಮೀಟರ್ ಬೆಳೆಯುತ್ತದೆ. ಬೆನ್ನಿನ ಮಧ್ಯಕ್ಕೆ ಬರುವ ನಿಮ್ಮ ತುದಿಗೂದಲು ಬುಡ ಬಿಟ್ಟು ನಾಲ್ಕು ವರ್ಷವಾಗಿದೆ. ಆ ನಾಲ್ಕು ವರ್ಷದ ಮೆಹೆಂದಿ, ಸ್ಯಾಷೆ, ಬೋರ್‌ವೆಲ್ ನೀರು ಎಲ್ಲ ಅದರ ಮೇಲಿದೆ. ಕೂದಲೊಳಗೆ ಒಮ್ಮೆ ಕೂತ ಡೈಯನ್ನು ಇನ್ನೊಂದು ಡೈ ಎತ್ತಲಾರದು. ಮಧ್ಯಭಾಗ ಅಲುಗಾಡದೆ ಕಪ್ಪಾಗೇ ಉಳಿದದ್ದು ಅದಕ್ಕೆ. ಹುಡುಗ ಕೇಳಿದ್ದು ಒಂದೇ ಪ್ರಶ್ನೆ, ಇವರು ಕೇಳಿದ್ದು ಆರೇಳು.

ಬೇಸಿನ್ನಿನಲ್ಲೇ ಟೋನರ್ ಹಾಕುತ್ತಾರೆ. ಕಿತ್ತಳೆಯನ್ನು ತಗ್ಗಿಸುವುದು ನೀಲಿ, ಹಳದಿಯನ್ನಾದರೆ ನೇರಳೆ. ಕಡಿಮೆ ಪೆರಾಕ್ಸೈಡಿನ, ನೀಲಿ ಅಂಶದ ಕಂದು ಬಣ್ಣವನ್ನು ಬುಡಕ್ಕೆ ಮಾತ್ರ ಸವರಿ, ಎಲ್ಲೂ ಹೋಗದೆ ಅಲ್ಲೇ ನಿಲ್ಲುತ್ತಾರೆ. ನಿಮಿಷಕ್ಕೊಮ್ಮೆ ಬೆರಳಿಂದ ಒರೆಸಿ ನೋಡುತ್ತಾರೆ. ಕೊನೆಗೆ ಕನ್ನಡಿಯಲ್ಲಿ 7.1 ಇಲ್ಲ. ಬುಡದಲ್ಲಿ ಚಾಕೊಲೇಟ್ ಕಂದು, ಕೆಳಗೆ ಕಪ್ಪು, ನಡುವಿನ ಗಡಿ ಕಣ್ಣಿಗೆ ಹೊಡೆಯುವುದಿಲ್ಲ. ಹೊರಗೆ ಹೋಗಬಹುದು.

ಕೌಂಟರಿನ ಬಳಿ ನಿಂತೇ ಚಿಕ್ಕಪ್ಪನ ಮಗಳಿಗೆ ಫೋನು ಮಾಡುತ್ತೀರಿ. ಅವಳು ವಕೀಲೆ. ಸಿಟ್ಟಿನಲ್ಲಿ ನಿಮ್ಮ ಬಾಯಿಗೆ ಬರುವ ಮೊದಲ ಮಾತು ಆ ದೆಹಲಿಯ ಎರಡು ಕೋಟಿ.

"ಅಕ್ಕ, ಆ ಕತೆ ಅಷ್ಟು ಸುಲಭ ಇಲ್ಲ," ಅನ್ನುತ್ತಾಳೆ. ಹೋಟೆಲೊಂದರ ಸಲೂನಿನಲ್ಲಿ ಕೂದಲು ತೀರಾ ಗಿಡ್ಡವಾಗಿ ಕತ್ತರಿಸಿದರೆಂದು ಮಾಡೆಲ್ ಒಬ್ಬರಿಗೆ ರಾಷ್ಟ್ರೀಯ ಗ್ರಾಹಕ ಆಯೋಗ 2021ರಲ್ಲಿ ಎರಡು ಕೋಟಿ ಪರಿಹಾರ ಕೊಡಿಸಿತ್ತು. 2023ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟು ಆ ಮೊತ್ತವನ್ನು ರದ್ದು ಮಾಡಿ, ನಷ್ಟಕ್ಕೆ ದಾಖಲೆ ನೋಡಿ ಮತ್ತೆ ತೀರ್ಮಾನಿಸಿ ಎಂದು ವಾಪಸ್ ಕಳಿಸಿತು. ಸೇವೆಯಲ್ಲಿ ಲೋಪ ಇತ್ತು ಅನ್ನುವುದು ಉಳಿಯಿತು, ಎಷ್ಟು ಹಣ ಅನ್ನುವುದಕ್ಕೆ ಪುರಾವೆ ಬೇಕಾಯಿತು. "ಫೋಟೋ ತೆಗ್ದಿದ್ಯಾ? ಬಿಲ್ ಕೇಳು. ಯಾವ ಕಂಪನಿ, ಯಾವ ನಂಬರ್, ಎಷ್ಟು ಪರ್ಸೆಂಟ್ ಡೆವಲಪರ್, ಬರೆಸ್ಕೊ. ಮಾತಲ್ಲಿ ಬಗೆಹರೀದಿದ್ರೆ 1915ಕ್ಕೆ ಫೋನ್ ಮಾಡು. ಜಿಲ್ಲಾ ಆಯೋಗಕ್ಕೆ ಹೋಗೋಕೆ ಎರಡು ವರ್ಷ ಟೈಮ್ ಇದೆ. ನೀನು ಕೊಟ್ಟಿರೋ ದುಡ್ಡು ಐದು ಲಕ್ಷದೊಳಗಿದ್ರೆ ಫೀಸೂ ಇಲ್ಲ."

ಬರೆದುಕೊಡಿ ಅಂದಾಗ ಮ್ಯಾನೇಜರ್ ನಗು ಸ್ವಲ್ಪ ಇಳಿಯುತ್ತದೆ. ಸೀನಿಯರ್ ತಾವೇ ಬರೆದುಕೊಡುತ್ತಾರೆ. ಆ ಚೀಟಿ ಮುಂದೆ ನಿಮ್ಮ ತಲೆ ಮುಟ್ಟುವ ಯಾರಿಗೇ ಆದರೂ ಬೇಕಾಗುತ್ತದೆ, ಕೋರ್ಟಿನ ಮಾತು ಆಮೇಲೆ. ಬಿಲ್ಲು ಕೊಡುತ್ತಾರೆ, ಹಣ ಹಿಂತಿರುಗಿಸುತ್ತಾರೆ.

ಮನೆ. ಅತ್ತೆ ಕನ್ನಡಕ ಹಾಕಿಕೊಂಡು ನೋಡಿ, "ದುಡ್ಡು ಕೊಟ್ಟು ಮಾಡಿಸ್ಕೊಂಡ್ಯಾ?" ಎಂದು ಕೇಳುತ್ತಾರೆ. ಮಗಳು ಫೋಟೋವನ್ನು ಫ್ಯಾಮಿಲಿ ಗ್ರೂಪಿಗೆ ಹಾಕಿಬಿಟ್ಟಿದ್ದಾಳೆ. ಉಪಾಯಗಳು ಒಂದರ ಹಿಂದೊಂದು ಬರುತ್ತವೆ: ನಿಂಬೆರಸ, ಅಡುಗೆ ಸೋಡ, ಮತ್ತೆ ಮೆಹೆಂದಿ. ತಿಳಿಯಾದ ಬುಡಕ್ಕೆ ಮೆಹೆಂದಿ ಬಿದ್ದರೆ ಕಿತ್ತಳೆ ಇನ್ನೂ ಉಜ್ಜ್ವಲವಾಗುತ್ತದೆ. ನಿಂಬೆಯೂ ಸೋಡವೂ ಮೊದಲೇ ಒಣಗಿದ ಕೂದಲನ್ನು ಇನ್ನಷ್ಟು ಒರಟು ಮಾಡುತ್ತವೆ. ಇವರಲ್ಲಿ ಸರಿ ಹೇಳಿದ್ದು ಸೋದರತ್ತೆ ಒಬ್ಬರೇ, ತೆಂಗಿನೆಣ್ಣೆ. ಅದು ಎಳೆಯೊಳಗೆ ಇಳಿದು ತೊಳೆಯುವಾಗ ಆಗುವ ಪ್ರೋಟೀನ್ ನಷ್ಟವನ್ನು ತಗ್ಗಿಸುತ್ತದೆ. ಉರಿದ ಚರ್ಮ ಮಾಯುವವರೆಗೆ ಬುಡಕ್ಕೆ ಬೇಡ, ಎಳೆಗೆ ಮಾತ್ರ.

ಮುಂದಿನ ಎರಡು ಮೂರು ದಿನ ಬೆಳಿಗ್ಗೆ ಎದ್ದ ಕೂಡಲೇ ಕೂದಲಿಗಿಂತ ಮೊದಲು ರೆಪ್ಪೆ ನೋಡಿಕೊಳ್ಳುತ್ತೀರಿ. ಪಿಪಿಡಿ ಅಲರ್ಜಿ ಕುರ್ಚಿಯಲ್ಲಿ ಕೂತಾಗ ಗೊತ್ತಾಗುವುದು ಕಡಿಮೆ. ಒಂದೆರಡು ದಿನ ಬಿಟ್ಟು ಹಣೆಯಂಚು, ಕಿವಿ, ಕತ್ತು ತುರಿಸಿ, ರೆಪ್ಪೆ ಊದಿ ಕಣ್ಣು ಮುಚ್ಚಿಹೋಗುವಷ್ಟು ಆಗಬಹುದು. ಊದಿದರೆ ಚರ್ಮದ ಡಾಕ್ಟರು, ಉಸಿರು ಕಟ್ಟಿದರೆ ನೇರ ಆಸ್ಪತ್ರೆ. ಒಮ್ಮೆ ಬಂತೆಂದರೆ ಜೀವನಪರ್ಯಂತ ಆ ಡೈ ಮುಟ್ಟುವಂತಿಲ್ಲ. ನಿಮಗೆ ಹಿಂಗತ್ತಿನ ಮೇಲೆ ರೂಪಾಯಿ ಅಗಲದ ಕೆಂಪು ಬಿಟ್ಟರೆ ಏನೂ ಇಲ್ಲ.

ನಿಶ್ಚಿತಾರ್ಥ ತುರುಬು, ಮಲ್ಲಿಗೆಯಲ್ಲಿ ಮುಗಿದುಹೋಗುತ್ತದೆ.

ತಿಂಗಳು ಕಳೆದ ಮೇಲೆ ಟೋನರ್ ಸವೆದು ಕಿತ್ತಳೆ ಮತ್ತೆ ಇಣುಕುತ್ತದೆ. ಈ ಸಲ ವಾರದ ಮಧ್ಯದ ಖಾಲಿ ಬೆಳಿಗ್ಗೆ, ಸೀನಿಯರ್ ಕುರ್ಚಿಯಲ್ಲಿ. ಕಿವಿಯ ಹಿಂದಿನ ಪರೀಕ್ಷೆ ಎರಡು ದಿನ ಮುಂಚೆಯೇ ಆಗಿದೆ. ಅವರು ಬುಡಕ್ಕೆ ಐದರ ಕಂದು ಅಂದಿದ್ದಾರೆ, ಬಿಳಿಗೂದಲೂ ಮುಚ್ಚುತ್ತದೆ. ಏಳರ ಮಾತು ಕಪ್ಪೆಲ್ಲ ಬೆಳೆದು ಕತ್ತರಿಸಿಹೋದ ಮೇಲೆ.

"ಅದಕ್ಕೆಷ್ಟು ದಿನ?"

"ಹೀಗೇ ಬಿಟ್ರೆ ನಾಲ್ಕು ವರ್ಷ. ಭುಜಕ್ಕೆ ಕತ್ತರಿಸಿದ್ರೆ ಅರ್ಧ ಇವತ್ತೇ ಮುಗೀತು."

ಅಷ್ಟು ಗಿಡ್ಡ ಮಾಡಿಸಿದರೆ ಅತ್ತೆ ಏನಂದಾರು ಎಂದು ಯೋಚಿಸಿ ನೀವು ನಾಲ್ಕಿಂಚು ಅನ್ನುತ್ತೀರಿ. ಅವರು ಎಂಟು ಅನ್ನುತ್ತಾರೆ. ಬಾಚಣಿಗೆಯನ್ನು ಬೆನ್ನ ಮೇಲೆ ಅಡ್ಡ ಹಿಡಿದು, ಬ್ಲೀಚ್ ತಿಂದ ಪದರ ಎಲ್ಲಿಂದ ಕಡಿದಿದೆ ಎಂದು ತೋರಿಸುತ್ತಾರೆ. ನೀವು ಕೈ ಹಿಂದೆ ಹಾಕಿ ಮುಟ್ಟಿ ನೋಡಿ, ಐದು ಅನ್ನುತ್ತೀರಿ. ಏಳಕ್ಕೆ ಕಡಿಮೆ ಆಗಲ್ಲ ಅಕ್ಕ, ಅನ್ನುತ್ತಾರೆ. ಆರಕ್ಕೆ ಒಪ್ಪಿಕೊಂಡು ಕತ್ತರಿ ಎತ್ತಿಕೊಳ್ಳುತ್ತಾರೆ.